ಗಾಜಿನ ಮೇಲೆ ಮೂರು ತಟ್ಟು

ಆ ಬಾವಿ ಹತ್ತಿರ ಬಂದಾಗ ವೇಣು ಕಂಕುಳಲ್ಲಿ ಎರಡು ಗಾಜು ಇದ್ದವು. ಇಲ್ಲದೇ ಹೋಗಿದ್ದರೆ ಓಡಿಬಿಡುತ್ತಿದ್ದ. ಇದು ಅವನೇ ಬಾಯಿಬಿಟ್ಟು ಹೇಳಿದ ಮಾತು, ನಾವು ಕಟ್ಟಿದ್ದಲ್ಲ.

ಆಂಡರ್ಸನ್‌ಪೇಟೆಯಲ್ಲಿ ಗಾಡಿಗಳಿಗೆ ಗಾಜು ಹಾಕುವ ವೇಣು ಗೊತ್ತಲ್ಲ, ನಮ್ಮ ಪಕ್ಕದ ಮನೆಯವನು... ಅವನೇ. ಹೋದ ಧನುರ್ಮಾಸ. ರಾತ್ರಿ ಹತ್ತು ಗಂಟೆ. ಆಟೋದವನು ಉರಿಗಾಂ ತಿರುವಿನಲ್ಲೇ ಇಳಿಸಿ, "ಒಳೀಕೆ ಬರಲ್ಲಣ್ಣ, ಬೇಜಾರ್ ಮಾಡ್ಕಬೇಡ" ಅಂತ ಗಾಡಿ ತಿರುಗಿಸಿದ. ಅಲ್ಲಿಂದ ನಡಿಗೆ. ಗೋಣಿಚೀಲ ಸುತ್ತಿದ ಗಾಜು ಕಂಕುಳಲ್ಲಿ, ಸಾಮಾನಿನ ಚೀಲ ಹೆಗಲಲ್ಲಿ. ಗಣಿ ಕೆಲಸದವರ ಹಳೇ ಸಾಲುಮನೆಗಳು, ಅರ್ಧಕ್ಕರ್ಧ ಬೀಗ. ಬೀದಿದೀಪ ಒಂದು ಉರಿದರೆ ಮೂರು ಉರಿಯಲ್ಲ. ಬಾವಿಕಟ್ಟೆ ಪಕ್ಕ ಹಾದುಹೋಗುವಾಗ ಒಳಗೆ ನೀರಿಗೆ ಏನೋ ಬಿತ್ತು... ಗುಳುಂ. ಒಂದೇ ಸಲ. ಕಪ್ಪೆ ಇರಬೇಕು ಅಂದುಕೊಂಡ. ಆ ಚಳಿಯಲ್ಲಿ ಎಲ್ಲಿಯ ಕಪ್ಪೆ?

ಅವನಿಗೆ ಭಯ ಇದ್ದದ್ದು ಬಾವಿಯದ್ದಲ್ಲ. ಆ ಬೀದಿಯದ್ದು. ಎರಡು ವರ್ಷದಿಂದ ಅವನು ಅಲ್ಲಿ ಕಾಲಿಟ್ಟಿರಲಿಲ್ಲ. ಪೆರುಮಾಳ್ ಮೇಸ್ತ್ರಿ ಮನೆ ಇರುವುದು ಅಲ್ಲೇ.

ಪೆರುಮಾಳ್ ಮೇಸ್ತ್ರಿ ವೇಣುಗೆ ಕೆಲಸ ಕಲಿಸಿದವರು. ಗಣಿ ನಡೆಯುತ್ತಿದ್ದ ಕಾಲಕ್ಕೆ, ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ ಕೇಜಿನ ಹತ್ತಿರ ನಿಂತು ಬೆಲ್ ಕೊಡುತ್ತಿದ್ದರು. ಗಣಿ ಮುಚ್ಚಿತು, ಗಾಜಿಗೆ ಬಂದರು. ವ್ಯಾನಿನ ಹಿಂಭಾಗದಲ್ಲಿ, ಸಾಮಾನು ತುಂಬುವ ಕಡೆ ಕಿಟಕಿ ಇರುತ್ತಲ್ಲ, ಆ ಗಾಜು ಕೂರಿಸೋಕೆ ಇಬ್ಬರು ಬೇಕೇ ಬೇಕು. ಗಾಜಿನ ಸುತ್ತ ರಬ್ಬರ್ ಹಾಕಿ, ರಬ್ಬರಿನ ಸಂದಿಯಲ್ಲಿ ಉದ್ದಕ್ಕೂ ದಾರ ಓಡಿಸಿ, ಒಬ್ಬ ಒಳಗೆ ಕೂತು ದಾರ ಎಳೆಯಬೇಕು. ಇನ್ನೊಬ್ಬ ಹೊರಗೆ ನಿಂತು ಗಾಜನ್ನು ಅಂಗೈಯಿಂದ ಒತ್ತಬೇಕು. ದಾರ ಬಂದಷ್ಟೂ ರಬ್ಬರು ತಗಡಿನ ಅಂಚಿಗೆ ಹತ್ತಿ ಕಚ್ಚಿಕೊಳ್ಳುತ್ತೆ. ಪೇಟೆ ಗದ್ದಲದಲ್ಲಿ ಕೂಗಿದರೆ ಕೇಳಿಸಲ್ಲ ಅಂತ ಮೇಸ್ತ್ರಿ ಗಣಿಯ ಬೆಲ್ ಲೆಕ್ಕವನ್ನೇ ಗಾಜಿಗೆ ತಂದಿದ್ದರು. ಬೆರಳಿನ ಗೆಣ್ಣಿಂದ ಒಂದು ತಟ್ಟಿದರೆ ನಿಲ್ಲಿಸು. ಎರಡು ತಟ್ಟಿದರೆ ಎಳೆ. ಮೂರು ತಟ್ಟಿದರೆ, ಗಣಿಯಲ್ಲಿ ಕೇಜಿನೊಳಗೆ ಆಳು ಇದೆ ಅಂತ, ಇಲ್ಲಿ ಕೈ ಸಂದಿಯಲ್ಲಿದೆ, ಮಿಸುಕಬೇಡ ಅಂತ. ಮೂರು ಬಿದ್ದ ಮೇಲೆ ಮತ್ತೆ ಎರಡು ಬೀಳುವ ತನಕ ಏನೇ ಆಗಲಿ, ದಾರ ಎಳೆಯುವ ಹಾಗಿಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಮೂರು ಬಿತ್ತು. ವೇಣು ಎಳೆದ.

ಯಾಕೆ ಅಂತೀರಾ? ಊಟದ ಹೊತ್ತಾಗಿತ್ತು, ಅಷ್ಟೇ. ಗಾಜು ಚಟ್ ಅಂತು. ಮೇಸ್ತ್ರಿ ಬಲಗೈ ನರ ಕಡಿದುಹೋಯಿತು. ಆ ಕೈ ಮತ್ತೆ ಮುಷ್ಟಿ ಕಟ್ಟಲಿಲ್ಲ. ಕೇಳಿದವರಿಗೆಲ್ಲ ಮೇಸ್ತ್ರಿ "ನನ್ ಕೈಯೇ ಜಾರ್ತು" ಅಂದರು. ವೇಣು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ, ಬಾಯಿ ಬಿಡಲಿಲ್ಲ. ಎಂಟು ತಿಂಗಳು ಮನೆಯಲ್ಲಿ ಕೂತಿದ್ದು ಅವರು ತೀರಿಕೊಂಡರು. ಇವನು ಮಣ್ಣಿಗೂ ಹೋಗಲಿಲ್ಲ. ಮೇಸ್ತ್ರಿ ಹೆಂಡತಿ ಅಮ್ಮಾಜಮ್ಮನ ಮುಖ ನೋಡೋಕೆ ಅವನಿಗೆ ಧೈರ್ಯ ಇರಲಿಲ್ಲ. ಅವತ್ತಿನಿಂದ ದಾರದ ಕೆಲಸ ಯಾರು ತಂದರೂ "ಬೇರೆ ಕಡೆ ನೋಡ್ಕಳಿ" ಅಂತ ಸಾಗಹಾಕುತ್ತಿದ್ದ.

ಹಾಗಾದರೆ ಆ ರಾತ್ರಿ ಯಾಕೆ ಹೋದ? ಕರೆದವನು ಶ್ರೀಧರ್. ಕ್ಯಾಸಂಬಳ್ಳಿಯವನು, ಇವನ ಜೊತೆ ಓದಿದವನು, ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾನೆ. ಉರಿಗಾಂನಲ್ಲಿ ಒಂದು ಮೋಟಾರ್ ಎತ್ತಿಸೋಕೆ ಬಂದು, ವ್ಯಾನ್ ನಿಲ್ಲಿಸಿ ಊಟಕ್ಕೆ ಹೋಗಿದ್ದಾನೆ. ಬಂದು ನೋಡಿದರೆ ಡ್ರೈವರ್ ಬಾಗಿಲ ಗಾಜೂ ಪುಡಿ, ಹಿಂದಿನ ಕಿಟಕಿ ಗಾಜೂ ಪುಡಿ. ತಾಮ್ರದ ತಂತಿ ಸುರುಳಿ ಇಲ್ಲ, ಬ್ಯಾಟರಿ ಇಲ್ಲ. ಗಾಡಿ ಕದಲೋ ಹಾಗಿಲ್ಲ. ಒಳಗೆ ಆರು ಜನ ರೈತರ ಆರು ಮೋಟಾರ್. "ಕಿಟ್ಕಿ ಇಂಗೇ ಇದ್ರೆ ಬೆಳ್ಗಾಗೋಷ್ಟ್ರಲ್ಲಿ ಒಂದೂ ಉಳಿಯಲ್ಲ ಕಣ್ಲಾ, ನಿನ್ ಕೈ ಮುಗೀತೀನಿ ಬಾ" ಅಂದ. ಇಲ್ಲ ಅನ್ನೋಕೆ ವೇಣುಗೆ ನಾಲಿಗೆ ಬರಲಿಲ್ಲ.

ವ್ಯಾನ್ ನಿಂತಿದ್ದದ್ದು ಮೇಸ್ತ್ರಿ ಮನೆಯಿಂದ ನಾಲ್ಕು ಬಾಗಿಲು ಆಚೆ.

ಬಾಗಿಲ ಗಾಜು ಸುಲಭದ್ದು. ಶ್ರೀಧರ್ ಟಾರ್ಚ್ ಹಿಡಿದ. ವೇಣು ಬಾಗಿಲ ಒಳಹಲಗೆ ಬಿಚ್ಚಿ, ಗಾಜಿನ ಹರಳು ಗುಡಿಸಿ ತೆಗೆದು, ಹೊಸದನ್ನು ಸಂದಿಗೆ ಇಳಿಸಿ, ಹಿಡಿ ತಿರುಗಿಸಿ ನೋಡಿದ. ಕಿರ್ರ್... ಅಂತ ಮೇಲೆ ಹೋಯಿತು, ಕೆಳಗೆ ಬಂತು. ಅಷ್ಟರಲ್ಲಿ ಶ್ರೀಧರ್‌ಗೆ ಫೋನ್. ಅವನ ಹೆಂಡತಿ ಪುಷ್ಪ. ಹಸು ಈಯೋಕೆ ಒದ್ದಾಡುತ್ತಿದೆಯಂತೆ, ಕಾಲು ಮಾತ್ರ ಈಚೆ ಬಂದಿದೆಯಂತೆ, ಒಬ್ಬಳೇ ಇದ್ದಾಳಂತೆ.

"ವೇಣು, ನಾನ್ ಓಗ್ಲೇಬೇಕು ಕಣ್ಲಾ. ಅದನ್ನೂ ಕೂರ್ಸಿ, ಒಳಗ್ಲಿಂದ ಲಾಕ್ ಮಾಡ್ಕಂಡು ಮಲೀಕೊ. ಬೆಳಿಗ್ಗೆ ಬತ್ತೀನಿ."

"ಲೇ, ಅದ್ಕೆ ಇಬ್ರು ಬೇಕು!"

"ಎಂಗೋ ಮಾಡ್ಲಾ..." ಅಂತ ಟಾರ್ಚನ್ನೂ ಹಿಡಿದುಕೊಂಡೇ ಅವನು ಮೇನ್ ರೋಡಿನ ಕಡೆ ಓಡಿದ. ಚಪ್ಪಲಿ ಸದ್ದು ಪಟಪಟ ಅಂತ ಸ್ವಲ್ಪ ದೂರ ಕೇಳಿಸಿತು. ಆಮೇಲೆ ಅದೂ ಇಲ್ಲ.

ವೇಣು ಶ್ರೀಧರ್‌ನನ್ನು ಬಾಯಿಗೆ ಬಂದ ಹಾಗೆ ಬೈದ. ಬೈದರೆ ಸ್ವಲ್ಪ ಧೈರ್ಯ ಬರುತ್ತೆ. ಬೈಗುಳ ಮುಗಿದ ಮೇಲೆ ಕೆಲಸಕ್ಕೆ ಕೈ ಹಾಕಿದ. ರಬ್ಬರಿಗೆ ಸೋಪಿನ ನೀರು ಸವರಿ, ದಾರ ಓಡಿಸಿ, ಗಾಜನ್ನು ಹೊರಗಿನಿಂದ ಕಿಟಕಿಗೆ ಆನಿಸಿ, ನಾಲ್ಕು ಕಡೆ ಅಗಲದ ಟೇಪ್ ಅಂಟಿಸಿದ. ಬೀಳಲ್ಲ ಅಂತ ಆದ ಮೇಲೆ ಒಳಗೆ ಹೋಗಿ, ಬಾಗಿಲು ಲಾಕ್ ಮಾಡಿಕೊಂಡು, ಮೋಟಾರ್‌ಗಳ ನಡುವೆ ಮಂಡಿಯೂರಿ, ಫೋನ್ ಬೆಳಕನ್ನು ಮೂಲೆಗೆ ಇಟ್ಟ. ದಾರದ ಎರಡು ತುದಿ ಕೈಗೆ ಸುತ್ತಿಕೊಂಡ. ಎಳೆದ. ಗಾಜು ಹೊರಕ್ಕೆ ಜಾರಿತು, ಟೇಪು ಚರ್... ಅಂತು. ನಿಲ್ಲಿಸಿದ. ಒತ್ತೋಕೆ ಯಾರೂ ಇಲ್ಲದೆ ಇದು ಆಗುವ ಮಾತಲ್ಲ.

ಆಗ ಹೊರಗಿನಿಂದ ಗಾಜು ಒಳಕ್ಕೆ ಬಂತು.

ಮೆತ್ತಗೆ. ಮೇಲಿನ ಎಡ ಮೂಲೆಯಿಂದ. ಯಾರೋ ಅಂಗೈ ಇಟ್ಟು ಒತ್ತಿದ ಹಾಗೆ.

"ಶ್ರೀಧರಾ...?"

ಗಾಜು ಒತ್ತಿದ ಹಾಗೇ ಇತ್ತು.

"ಶ್ರೀಧರಾ, ನೀನೇನ್ಲಾ?"

ಟಕ್ ಟಕ್.

ಎರಡು. ಗೆಣ್ಣಿನ ಸದ್ದು. ಶ್ರೀಧರ್‌ಗೆ ಈ ಲೆಕ್ಕ ಗೊತ್ತಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಒಳಗೆ ಬೆಳಕಿದ್ದದ್ದಕ್ಕೆ ಗಾಜಿನಲ್ಲಿ ವೇಣುಗೆ ಕಂಡದ್ದು ಅವನದ್ದೇ ಮುಖ. ಬೆಳಕು ಆರಿಸಿದ್ದರೆ ಹೊರಗೆ ಯಾರು ಅಂತ ಕಾಣುತ್ತಿತ್ತೋ ಏನೋ. ಆರಿಸೋಕೆ ಕೈ ಏಳಲಿಲ್ಲ. ನಿಮಗೆ ಏಳುತ್ತಿತ್ತಾ? ಸುಮ್ಮನೆ ಹೇಳಬೇಡಿ.

ಟಕ್ ಟಕ್. ಈ ಸಲ ಸ್ವಲ್ಪ ಜೋರಾಗಿ.

ಎಳೆದ. ಇನ್ನೇನು ಮಾಡುತ್ತಾನೆ? ಎಳೆಯದೇ ಇದ್ದರೆ ಏನಾಗುತ್ತೋ ಅನ್ನುವ ಭಯ ಎಳೆಯುವ ಭಯಕ್ಕಿಂತ ದೊಡ್ಡದಿತ್ತು. ದಾರ ಸರ್ರ್... ಅಂತ ಬಂತು, ರಬ್ಬರು ಪುಳಕ್ ಪುಳಕ್ ಅಂತ ತಗಡಿಗೆ ಹತ್ತಿತು. ದಾರ ಹೋದ ಕಡೆಗೆಲ್ಲ ಹೊರಗಿನ ಅಂಗೈ ಹಿಂಬಾಲಿಸಿತು... ಪಟ್, ಪಟ್. ಟಕ್, ನಿಲ್ಲಿಸಿದ. ಟಕ್ ಟಕ್, ಎಳೆದ. ನಡುವೆ ಒಂದು ಸಲ ಕೆಮ್ಮು. ಗಣಿಯವರ ಒಣಕೆಮ್ಮು, ಎದೆಯೊಳಗೆ ಜಲ್ಲಿ ಅಲುಗಿದ ಹಾಗೆ. ವೇಣುಗೆ ಕಣ್ಣಲ್ಲಿ ನೀರು ಬಂತು, ಅದು ಭಯಕ್ಕೋ ಬೇರೆಯದಕ್ಕೋ ಅವನಿಗೇ ತಿಳಿಯಲಿಲ್ಲ. ಮೂರು ಅಂಚು ಮುಗಿಯಿತು. ಇನ್ನು ಕೆಳಗಿನ ಬಲಮೂಲೆ, ಒಂದು ಗೇಣು ಮಾತ್ರ ಬಾಕಿ.

ಟಕ್.

ಟಕ್.

ಟಕ್.

ವೇಣು ಕಲ್ಲಾದ. ಮೂರು. ಅವತ್ತಿನ ಹಾಗೇ, ಅದೇ ಮೂಲೆಯಲ್ಲಿ.

ಕಾದ. ಎರಡು ಬೀಳಲಿಲ್ಲ. ಫೋನಿನ ಚಾರ್ಜು ಮುಗಿದು ಬೆಳಕು ತಾನಾಗೇ ಹೋಯಿತು. ಕತ್ತಲಾದ ಕೂಡಲೇ ಕಣ್ಣು ಮುಚ್ಚಿಕೊಂಡ. ದಾರ ಕೈಗೆ ಸುತ್ತಿಕೊಂಡೇ ಇತ್ತು. ಬೆರಳು ಜೋಮು ಹಿಡಿಯಿತು. ಎಷ್ಟು ಹೊತ್ತೋ. ದೂರದಲ್ಲಿ ರೈಲು ಕೂಗಿತು.

ಆಮೇಲೆ ಹೆಜ್ಜೆ ಸದ್ದು.

ಇದು ನಿಜವಾದ ಹೆಜ್ಜೆ. ಬಾವಿ ಕಡೆಯಿಂದ, ಇಬ್ಬರದ್ದು, ಒಡೆದ ಗಾಜಿನ ಹರಳಿನ ಮೇಲೆ ಕರಕರ ಅನ್ನುತ್ತಾ. ಕಬ್ಬಿಣದ ಸರಳು ಒಂದು ನೆಲಕ್ಕೆ ತಾಗಿ ಠಣ್ ಅಂತು. ಪಿಸುಮಾತು.

"ಮೋಟ್ರು ಒಳ್ಗೇ ಅವೆ ಕಣ್ಲಾ."

"ಮೆತ್ಗೆ..."

ಹೇಗಿದೆ ನೋಡಿ ಅವನ ಗತಿ. ಬಾಕಿ ಇರುವ ಗೇಣನ್ನು ಒಂದೇ ಎಳೆತಕ್ಕೆ ಎಳೆದರೆ ಗಾಜು ಕಚ್ಚಿಕೊಳ್ಳುತ್ತೆ, ಅವನು ಬದುಕಿಕೊಳ್ಳುತ್ತಾನೆ. ಹಾಗೇ ಬಿಟ್ಟರೆ, ಆ ಮೂಲೆಗೆ ಸರಳು ತೂರಿಸಿ ಒಂದು ಮೀಟಿದರೆ ಸಾಕು, ಗಾಜು ಕಳಚಿ ಬೀಳುತ್ತೆ. ಒಳಗೆ ಸಿಕ್ಕಿಬಿದ್ದವನನ್ನು ಅವರು ಸುಮ್ಮನೆ ಬಿಡುತ್ತಾರಾ? ಆದರೆ ಮೂರು ಬಿದ್ದಿದೆ. ಆ ಮೂಲೆಯಲ್ಲಿ ಕೈ ಇದೆ.

ವೇಣು ಹಲ್ಲು ಕಚ್ಚಿಕೊಂಡ. "ಎಳೆಯಲ್ಲ ಮೇಸ್ತ್ರಿ..." ಅಂತ ಉಸಿರಿನಲ್ಲೇ ಅಂದ. "ಈ ಸಲ ಎಳೆಯಲ್ಲ."

ಹೆಜ್ಜೆ ಹತ್ತಿರ ಬಂದವು. ಕರಕರ... ಕರಕರ... ಕಿಟಕಿಗೆ ನಾಲ್ಕು ಮಾರು ಇರುವಾಗ ನಿಂತವು.

"ಲೇ... ಅಲ್ಲಿ ಯಾರೋ ನಿಂತವ್ನೆ."

"ಎಲ್ಲಿ?"

"ಗಾಜು ಇಡ್ಕಂಡು... ಅಲ್ನೋಡ್ಲಾ... ಬ್ಯಾಡ, ಬಾ... ಬಾರ್ಲಾ!"

ಸರಳು ನೆಲಕ್ಕೆ ಬಿತ್ತು. ಇಬ್ಬರೂ ಬಿದ್ದಂಬೀಳ ಓಡಿದರು. ಓಡುವಾಗ ಒಬ್ಬ ಚಿಕ್ಕ ಮಗುವಿನ ಹಾಗೆ ಅಮ್ಮಾ ಅಂದ. ಮತ್ತೆ ಏನೂ ಇಲ್ಲ. ಗಾಜಿನ ಆಚೆ ಸದ್ದಿಲ್ಲ, ಕೆಮ್ಮಿಲ್ಲ, ತಟ್ಟೂ ಇಲ್ಲ. ವೇಣು ಹಾಗೇ ಕೂತ. ಎರಡು ಬೀಳದೆ ಅವನು ಹೇಗೆ ಬಿಡುತ್ತಾನೆ?

ಬೆಳಕು ಹರಿಯುವ ಹೊತ್ತಿಗೆ ಕೊಡದ ಸದ್ದು ಬಂತು. ಯಾರೋ ನೀರಿಗೆ ಹೊರಟವರು ವ್ಯಾನಿನ ಹತ್ತಿರ ನಿಂತರು.

"ಯಾರಪ್ಪ ಅದು, ಒಳ್ಗೆ?"

ಎರಡು ವರ್ಷ ತಪ್ಪಿಸಿಕೊಂಡು ತಿರುಗಿದ ದನಿ. ಅಮ್ಮಾಜಮ್ಮ.

"ನಾನು... ವೇಣು."

ಅವಳು ಗಾಜಿನ ಹತ್ತಿರಕ್ಕೆ ಬಂದಳು. ಆಮೇಲೆ, "ಈಚಿಗ್ ಬಾ" ಅಂದಳು.

"ಬರಂಗಿಲ್ಲ ಅಕ್ಕ. ಮೂರು ಬಿದ್ದದೆ. ಎರ್ಡು ಬಿದ್ದಿಲ್ಲ."

ಯಾರು ತಟ್ಟಿದರು ಅಂತ ಅವಳು ಕೇಳಲಿಲ್ಲ. ಬೆಲ್ ಕೊಡುವವನ ಜೊತೆ ಸಂಸಾರ ಮಾಡಿದವಳು. ಕೊಡ ಕೆಳಗೆ ಇಟ್ಟ ಸದ್ದು ಮಾತ್ರ ಕೇಳಿಸಿತು.

ವೇಣುಗೆ ಆಗ ತಡೆಯಲಾಗಲಿಲ್ಲ. "ಅವತ್ತೂ ಮೂರು ಕೊಟ್ಟಿದ್ರು ಅಕ್ಕ. ಮೇಸ್ತ್ರಿ ಕೈ ಜಾರ್ಲಿಲ್ಲ. ನಾನೇ ಎಳ್ದೆ. ಊಟಕ್ಕೆ ಒತ್ತಾಗಿತ್ತು ಅಂತ ಎಳ್ದುಬಿಟ್ಟೆ..." ಅಂತ ಹೇಳಿ, ಮೋಟಾರ್ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತ.

"ಗೊತ್ತು ಕಣಪ್ಪ" ಅಂದಳು ಅಮ್ಮಾಜಮ್ಮ. "ಆಸ್ಪತ್ರೇಲೇ ಏಳಿದ್ರು. ಅವ್ನಾಗೇ ಬಂದು ಏಳ್ತಾನೆ, ನೀನಾಗಿ ಕೇಳ್ಬೇಡ ಅಂದಿದ್ರು. ಸಾಯೋಗಂಟ ಬಾಗ್ಲು ಕಡೇನೇ ನೋಡ್ತಿದ್ರು."

ಇಬ್ಬರ ನಡುವೆ ಆ ಗಾಜು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕೈ ಎತ್ತಿ ಗೆಣ್ಣಿಂದ ತಟ್ಟಿದಳು.

ಟಕ್ ಟಕ್.

ವೇಣು ಎಳೆದ. ಕೊನೆಯ ಗೇಣು ದಾರ ಸರ್ರ್ ಅಂತ ಬಂದು, ರಬ್ಬರು ಕಚ್ಚಿಕೊಂಡಿತು.

ಅವನು ಈಚೆ ಬಂದು ಅವಳ ಕಾಲು ಹಿಡಿದದ್ದು, ಅವಳು ಒಳಗೆ ಕರೆದು ಕಾಫಿ ಕೊಟ್ಟದ್ದು, ಅದೆಲ್ಲ ಅವರವರ ಮನೆ ಮಾತು, ನಮಗೆ ಬೇಡ. ಏಳು ಗಂಟೆಗೆ ಶ್ರೀಧರ್ ಬಂದ. ಹೆಣ್ಣುಗರು, ಹಸುವೂ ಉಳಿಯಿತು ಅಂತ ಹಲ್ಲು ಕಿರಿಯುತ್ತಾ ಬಂದವನು, ಬಟ್ಟೆ ತೆಗೆದುಕೊಂಡು ವ್ಯಾನ್ ಒರೆಸೋಕೆ ನಿಂತ. ಆ ರಾತ್ರಿ ಬಿದ್ದ ಮಂಜು ನಿಮಗೆಲ್ಲ ನೆನಪಿರಬೇಕು, ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ವ್ಯಾನಿನ ಟಾಪು ಒದ್ದೆ, ಕನ್ನಡಿ ಒದ್ದೆ, ಬಾಗಿಲ ಹೊಸ ಗಾಜೂ ಒದ್ದೆ. ಶ್ರೀಧರ್ ಎರಡು ಸಲ ಬಟ್ಟೆ ಹಿಂಡಿದ. ಹಿಂದಿನ ಕಿಟಕಿಗೆ ಬಂದು ಬಟ್ಟೆ ಇಟ್ಟವನು, ಕೈ ತೆಗೆದು ವೇಣು ಮುಖ ನೋಡಿದ.

ಆ ಗಾಜು ಒಣಗಿತ್ತು. ಸುಳ್ಳು ಅನ್ನುವವರು ಕ್ಯಾಸಂಬಳ್ಳಿಗೆ ಹೋಗಿ ಶ್ರೀಧರ್‌ನನ್ನೇ ಕೇಳಿಕೊಳ್ಳಿ. ಮೇಲಿಂದ ಕೆಳಗೆ ಒಂದು ಹನಿ ಇರಲಿಲ್ಲ, ರಾತ್ರಿಯೆಲ್ಲ ಯಾರೋ ಅದಕ್ಕೆ ಮೈ ಆನಿಸಿ ನಿಂತಿದ್ದ ಹಾಗೆ.