ನಮ್ಮ ಚಾವಡಿಯಿಂದ ನೋರೀನ್ ಓದಿದ ವಾರ್ತೆ

ಆಗಲೇ ಒಮ್ಮೆ ಗಡಿಯಾರ ನೋಡಿಯಾದ ಅಧ್ಯಕ್ಷರಾದ ದೇವದಾಸರೇ, ಇಂದು ಮಲೇಷ್ಯಾದ ಈ ಕನ್ನಡ ಸಂಘದ ಸನ್ಮಾನ ಸ್ವೀಕರಿಸಿ ಶಾಲು ಜಾರದ ಹಾಗೆ ಹಿಡಿದು ಕುಳಿತಿರುವ ವಾರ್ತಾ ವಾಚಕಿ ನೋರೀನ್ ಅವರೇ, ಅವರ ಚಾನೆಲ್ಲಿನ ಮುಖ್ಯಸ್ಥರಾದ ಶ್ರೀ ಅಜ್ಮಾನ್ ಅವರೇ, ಬ್ರಿಕ್‌ಫೀಲ್ಡ್ಸಿನಿಂದಲೂ ನಿಲಾಯಿಯಿಂದಲೂ ಮಾಸ್ಕ್ ಹಾಕಿಕೊಂಡು ಬಂದ ಸಭಿಕರೇ,

ನಾನು ವಾರಿಜಾಕ್ಷಿ. ಶಾಲೆಯಲ್ಲಿ ಹೆಚ್ಚು ಕಲಿತವಳಲ್ಲ. ಉಡುಪಿಯ ತಂಗಿಯರಿಗೆ ಕಾಗದ ಬರೆದು ಬರೆದೇ ಬರವಣಿಗೆ ಕಲಿತೆ. ಭಾಷಣವೂ ಕಾಗದದಂತೆಯೇ ಉದ್ದವಾದರೆ ಸಹಿಸಿಕೊಳ್ಳಬೇಕು.

ಅಜ್ಮಾನ್ ಸಾಹೇಬರಿಗೆ ಕನ್ನಡ ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇಂದು ನಿಜ ಹೇಳುತ್ತಿದ್ದೇನೆ. ಯಾಕೆ ನಗುತ್ತೀರಿ ಎಂದು ಅವರು ಕೇಳಿದರೆ, ಅಜ್ಜಿ ಊಟದ ಐಟಂ ಹೇಳುತ್ತಿದ್ದಾರೆ ಎಂದುಬಿಡಿ.

ನೋರೀನ್ ಐರ್ಲೆಂಡಿನವಳು. ಅವಳ ಊರಿನ ಪುಟ್ಟ ರೇಡಿಯೊ ಕೇಂದ್ರದಲ್ಲಿ ದಿನಾ ತೀರಿಹೋದವರ ಹೆಸರು ಓದುವ ಪದ್ಧತಿಯಿದೆಯಂತೆ. ಅವಳ ಮೊದಲ ಕೆಲಸ ಅದು. ಒಂದು ಹೆಸರು ತಪ್ಪಿದರೂ ಸಂತೆಯಲ್ಲಿ ಹಿಡಿದು ನಿಲ್ಲಿಸಿ ಬಯ್ಯುತ್ತಿದ್ದರಂತೆ. ಅಲ್ಲಿಂದ ದೋಹಾ, ದೋಹಾದಿಂದ ಇಲ್ಲಿ. ಊರೂರು ಸುತ್ತಿ ಕಡೆಗೆ ಬಂದು ಇಳಿದದ್ದು ನಮ್ಮ ಪಕ್ಕದ ಫ್ಲ್ಯಾಟಿಗೆ.

ಎರಡು ಸಾವಿರದ ಇಪ್ಪತ್ತರಲ್ಲಿ ನಾನೂ ನಮ್ಮವರೂ ಮಗ ಜೀವನ್‌ನನ್ನು ನೋಡಲು ಬಂದೆವು, ಕೊರೊನಾದಿಂದ ಊರೆಲ್ಲ ಬಂದ್ ಆಯಿತು. ಡಾಕ್ಟರಾದ ಅವನು ಆಸ್ಪತ್ರೆಯಲ್ಲೇ ಉಳಿದ. ಅವನ ಮನೆಯಲ್ಲಿ ನಾನು, ನಮ್ಮವರು, ಒಳ್ಳೆಯ ಇಂಟರ್‌ನೆಟ್. ಮನೆಯಿಂದಲೇ ಇಂಗ್ಲಿಷ್ ವಾರ್ತೆ ಓದಬೇಕೆಂದು ಚಾನೆಲ್ಲಿನವರು ನೋರೀನ್‌ಗೆ ಕ್ಯಾಮೆರಾ ಕಳಿಸಿದ್ದರು. ಅವಳ ಮನೆಯ ಇಂಟರ್‌ನೆಟ್ ಮಾತ್ರ ಗಳಿಗೆಗೊಮ್ಮೆ ಸಾಯುತ್ತಿತ್ತು. ಹೀಗೆ ದೇಶದ ವಾರ್ತೆ ನಮ್ಮ ಚಾವಡಿಗೆ ಬಂತು.

ಅವಳು ಓದುವ ಅಕ್ಷರಗಳು ಪರದೆಯ ಮೇಲೆ ಮೆಲ್ಲಗೆ ಏರಬೇಕು. ಏರಿಸುವವರು ಯಾರು? ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರಲ್ಲ, ನಮ್ಮವರು, ಗೋಪಿನಾಥ ರಾಯರು! ಪಂಚೆಯುಟ್ಟು, ಮೊಣಕಾಲ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು, ಒಂದು ಬೆರಳಿನಿಂದ ಮಲೇಷ್ಯಾದ ಸಮಾಚಾರ ಸರಿಸಿದವರು. ನಾನು ಕರೆದರೆ, "ಸುಮ್ಮನಿರು ಮಾರಾಯ್ತಿ, ನಾನು ಆನ್ ಏರ್ ಇದ್ದೇನೆ" ಎನ್ನುತ್ತಿದ್ದರು.

ಆದರೆ ಚಾನೆಲ್ಲಿನ ನಿಯಮ ಬಿಗಿ. ಪ್ರಸಾರಕ್ಕೆ ಮೊದಲು ಹೊರಗಿನವರು ವಾರ್ತೆ ನೋಡಿದರೆ ಓದುವವರ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ನೋರೀನ್ ಹೋದಳು. ಅವಳ ಕಾಂಟ್ರ್ಯಾಕ್ಟ್ ಮುಂದಿನ ತಿಂಗಳು ಮುಗಿಯುತ್ತದೆ. ಮುಂದುವರಿಸುವುದು ಈ ಸಾಹೇಬರ ಕೈಯಲ್ಲಿದೆ. ನೀವೆಲ್ಲ ಬಾಯಿ ಮುಚ್ಚಿಕೊಂಡಿರಬೇಕಾದ್ದು ಅದಕ್ಕೆ.

ಒಂದು ಸಂಜೆ, ಓದಿ ದಣಿಯುತ್ತಾಳೆಂದು ವಾರ್ತೆ ಮುಗಿಯುವ ಹೊತ್ತಿಗೆ ಸರಿಯಾಗಿ ಬೇಯುವಂತೆ ಕುಕ್ಕರಿನಲ್ಲಿ ಕಡಲೆ ಇಟ್ಟೆ. ಅಂದೇ ಮಂತ್ರಿಗಳ ಹೊಸ ನಿಯಮ ಬಂದು ವಾರ್ತೆ ಉದ್ದವಾಗಬೇಕೇ? ಕುಕ್ಕರ್ ಬುಸುಗುಟ್ಟಿತು. ಇನ್ನೇನು ವಿಸಿಲ್ ಕೂಗಿ ದೇಶಕ್ಕೆಲ್ಲ ಕೇಳಬೇಕು, ಇವರು ಟ್ಯಾಬ್ಲೆಟ್ ಬಿಟ್ಟು ಅಡುಗೆಮನೆಗೆ ಓಡಿದರು. ವಿಸಿಲ್ ಏನೋ ತಪ್ಪಿತು. ಅಕ್ಷರಗಳೂ ನಿಂತವು.

ನೋರೀನ್ "ನಾಳೆಯಿಂದ ಯಾರೂ..." ಎಂದು ನಿಂತಳು. ಮುಂದೆ ಏನಿದೆಯೋ ಅವಳಿಗೆ ಗೊತ್ತಿಲ್ಲ. ಕುಕ್ಕರ್ ಹಿಡಿದು ನಿಂತ ಇವರಿಗೆ ಮೊದಲೇ ಗೊತ್ತಿಲ್ಲ. ದೇಶವೇ ಉಸಿರು ಬಿಗಿ ಹಿಡಿದಿದೆ. ಅವಳು ಒಮ್ಮೆ ನಕ್ಕು, "ಅದು ಏನೇ ಇರಲಿ, ದಯವಿಟ್ಟು ಮಾಡಬೇಡಿ" ಎಂದುಬಿಟ್ಟಳು.

ಕೂಡಲೇ ಸಾಹೇಬರ ಫೋನು. ಅಕ್ಷರ ಸರಿಸಿದ್ದು ಯಾರು? ಯಂತ್ರ ಕೆಟ್ಟಿತು ಎಂದಳು ನೋರೀನ್. ನಮ್ಮ ಹೆಸರು ಹೇಳಲಿಲ್ಲ. ಫೋನು ಇಟ್ಟ ಮೇಲೆ ಕಡಲೆ ತಿನ್ನಲು ಕೂತಳು, ಎರಡು ಚಮಚ ತಿನ್ನುವಷ್ಟರಲ್ಲಿ ಎದ್ದು ತನ್ನ ಮನೆಯಿಂದ ಪಾಸ್‌ಪೋರ್ಟ್ ತಂದು ವೀಸಾದ ತಾರೀಕು ನೋಡಿದಳು. ಕೆಲಸದ ಭಯ ನಮಗೆ ಅರ್ಥವಾದದ್ದು ಆಗಲೇ.

ಏನು ದೇವೇಂದ್ರ? ಕ್ಷಮಿಸಿ ಸಭಿಕರೇ, ನಮ್ಮ ಕಾರ್ಯದರ್ಶಿ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ... ಏನು? ಸಾಹೇಬರು ಓದಿದ್ದು ಮಣಿಪಾಲದಲ್ಲಾ? ಐದು ವರ್ಷವಾ?

ಹೌದಲ್ಲ, ಮಾಸ್ಕಿನ ಹಿಂದೆ ಅವರ ಭುಜ ಆಗಿನಿಂದ ಕುಲುಕುತ್ತಿದೆ. ಕೆಮ್ಮೆಂದು ತಿಳಿದು ನಾನು ದೂರ ಸರಿದು ನಿಂತಿದ್ದೆ.

ಸಾಹೇಬರೇ, ಇದೆಲ್ಲ ಬರೀ ಕಥೆ ಎನ್ನಬಹುದಿತ್ತು. ಎನ್ನುವುದಿಲ್ಲ. ಮಗ ಬಾಗಿಲ ಹೊರಗೆ ನಿಂತು ಕೈಬೀಸಿ ಹೋಗುತ್ತಿದ್ದ ದಿನಗಳವು. ದಿನಾ ಒಳಗೆ ಬಂದು, ತನಗೆ ಬರುವ ಒಂದೇ ಕನ್ನಡ ಮಾತಿನಲ್ಲಿ "ಆಂಟಿ, ಊಟ ಆಯ್ತಾ" ಎಂದವಳು ಇವಳೊಬ್ಬಳು. ನಮ್ಮವರಿಗೂ ಬೆಳಗ್ಗೆ ಎದ್ದು ಶೇವ್ ಮಾಡಿಕೊಳ್ಳಲು ಒಂದು ಕಾರಣ ಕೊಟ್ಟಳು. ದಂಡ ಹಾಕುವುದಾದರೆ ನಮಗೆ ಹಾಕಿ, ಅವಳನ್ನು ಕಳಿಸಬೇಡಿ.

ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವೇ? ಸಾಹೇಬರು ಈಗ ಅಚ್ಚ ಮಣಿಪಾಲದ ಕನ್ನಡದಲ್ಲಿ ಹೇಳಿದ್ದು ಇಷ್ಟು: "ಅಮ್ಮ, ಅವರು ಎಲ್ಲಿಗೂ ಹೋಗುದಿಲ್ಲ. ನಿನ್ನೆಯೇ ಸಹಿ ಹಾಕಿದ್ದೇನೆ. ನೀವಿನ್ನು ಕೂತ್ಕೊಳ್ಳಿ, ಊಟ ತಣ್ಣಗಾಗ್ತದೆ."

ಕೂತೆ ಸಾಹೇಬರೇ, ಕೂತೆ. ಕರೆದ ಸಂಘಕ್ಕೂ, ಕೇಳಿದ ನಿಮಗೂ ಕೃತಜ್ಞತೆಗಳು. ಯಾರಾದರೂ ನೋರೀನ್‌ಗೆ ಇಂಗ್ಲಿಷಿನಲ್ಲಿ ಹೇಳಿ ಮಾರಾಯ್ರೇ. ಸುದ್ದಿ ಅವಳದ್ದೇ, ಇಡೀ ಸಭೆಯಲ್ಲಿ ಅವಳೊಬ್ಬಳಿಗೇ ಇನ್ನೂ ಗೊತ್ತಾಗಿಲ್ಲ.

ಎಲ್ಲರಿಗೂ ನಮಸ್ಕಾರ.