ನಾಲ್ಕನೆಯ ಕಂಬ

...ಮತ್ತೆ ಕುಟ್ಟಿದೆಯಾ? ಬಿಡೇ ಮೆರೆರಿಡ್, ಅದೇನು ಬಾಗಿಲಾ, ಕುಟ್ಟಿದರೆ ಒಳಗಿಂದ ಯಾರಾದರೂ ತೆಗೆಯುವುದಕ್ಕೆ? ಕಂಬ ಅದು. ಓಕ್ ಕಂಬ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೂ ಮೇಲಿನ ನೆಲ ಹೊತ್ತು ಅಲ್ಲೇ ನಿಂತಿತ್ತು, ನೀನು ಬಂದಾಗಲೂ ಅಲ್ಲೇ ನಿಂತಿತ್ತು. ಹಳೇ ಮನೆ ರಿಪೇರಿ ಮಾಡುವ ಬಡಗಿ ನೀನು, ಒಪ್ಪಿದೆ. ಆದರೆ ನಿನ್ನನ್ನು ಕರೆದದ್ದು ಮಹಡಿಗೆ ಮೇಜು ಸಾಗಿಸಲಿಕ್ಕೆ. ನಾಳೆ ಪ್ಲಗೈನ್! ಇಗರ್ಜಿಯಲ್ಲಿ ಕ್ರಿಸ್ಮಸ್ ಹಾಡು ಮುಗಿಸಿ ನಲವತ್ತು ಜನ ಹಸಿದುಕೊಂಡು ನೇರ ಇಲ್ಲಿಗೇ ಬರುತ್ತಾರೆ.

ಏನು ತಲೆ ಆಡಿಸ್ತೀಯ? ಕೆಳಗೇ ಬಡಿಸಬೇಕಾ? ಈ ಇಕ್ಕಟ್ಟಿನಲ್ಲಿ, ನನ್ನ ಮಂಚದ ಪಕ್ಕದಲ್ಲಿ? ನಮ್ಮ ಈ ಪ್ಲಾಸ್ ಹೆಲಿಗ್ ಮನೆಯ ಊಟ ಅಂದರೆ ಮಹಡಿಯ ಊಟ. ಉಂಡ ಮೇಲೆ ಗಂಡಸರು ಎದ್ದು ನಿಂತು ಕೊನೆಯ ಹಾಡು ಹಾಡಿದರೆ ತೊಲೆಗಳೇ ದನಿಗೂಡಿಸುತ್ತವೆ. ಕೆಳಗೆ ಬಡಿಸಿದರೆ ನೆರೆಮನೆಯ ಟೆಗ್ವೆನ್ ಬಾಯಿ ಮುಚ್ಚಿಕೊಂಡು ಇರುತ್ತಾಳಾ? ಮುಂದಿನ ವರ್ಷ ಊಟ ಅವಳ ಮನೆಗೇ ಹೋಗುತ್ತದೆ. ಅವಳ ಮನೆ ನೋಡಿದ್ದೀಯಲ್ಲ? ಇಟ್ಟಿಗೆ ಗೋಡೆಗೆ ಕಪ್ಪು ಪಟ್ಟಿ ಬಳಿದು ಮರದ ಚೌಕಟ್ಟಿನ ಮನೆ ಅಂತಾಳೆ! ನಗಬೇಡ... ಸರಿ, ನಗು. ಅದಕ್ಕೆ ಮಾತ್ರ ನಗಬಹುದು.

ನಮ್ಮದು ಹಾಗಲ್ಲ. ಇಡೀ ವೇಲ್ಸ್‌ನಲ್ಲಿ ಇಂಥ ಮನೆ ಎಷ್ಟಿವೆ ಹೇಳು? ಬಂದವರಿಗೆಲ್ಲ ನಾನೇ ನಿಂತು ತೋರಿಸಿದ್ದೇನೆ. ಬಡಗಿಗಳು ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಒಂದೊಂದು ಕಂಬಕ್ಕೂ ಗುರುತಿಗೆ ಉಳಿಯಿಂದ ಗೆರೆ ಕೊರೆದು, ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದು. ಬಾಗಿಲ ಪಕ್ಕದ್ದಕ್ಕೆ ಒಂದು ಗೆರೆ. ಆಮೇಲಿನದಕ್ಕೆ ಎರಡು. ಕಿಟಕಿ ಹತ್ತಿರದ್ದಕ್ಕೆ ಮೂರು. ಮುಟ್ಟಿ ನೋಡು. ನೀನು ಕುಟ್ಟುತ್ತಿರುವುದು ನಾಲ್ಕನೆಯದು. ಟೊಳ್ಳು ಸದ್ದಾ? ಹಳೇ ಮರದ ಸದ್ದೇ ಹಾಗೆ.

...ಟಾರ್ಚು ಯಾಕೆ? ಗೆರೆ ಇಲ್ಲವಾ? ಇರುತ್ತದೆ, ಬಣ್ಣದಲ್ಲಿ ಮುಚ್ಚಿಹೋಗಿರುತ್ತದೆ. ನಿನ್ನ ಮಾವ ಚಳಿ ಕಳೆದ ಕೂಡಲೇ ಕಪ್ಪು ಬಣ್ಣ ಹಿಡಿದು ನಿಲ್ಲುತ್ತಿದ್ದರು, ಎಷ್ಟು ಪದರ ಕೂತಿದೆಯೋ. ಚಾಕು ಬೇಡ! ಕೆರೆಯಬೇಡ ಅಂದೆ...

ಏನದು, ಮೊಳೆಯಾ? ಇದ್ದರೇನಂತೆ! ಗೊತ್ತು, ಓಕ್ ಚೌಕಟ್ಟಿಗೆ ಮರದ ಗೂಟವೇ, ಕಬ್ಬಿಣ ಹೊಡೆಯುವುದಿಲ್ಲ. ನನಗೇ ಪಾಠ ಹೇಳಬೇಡ. ಕ್ಯಾಲೆಂಡರ್ ತೂಗುಹಾಕಲು ಹೊಡೆದಿರಬೇಕು. ...ಸಾಲಾಗಿ? ಮೇಲಿಂದ ಕೆಳಗಿನವರೆಗೂ? ಎಷ್ಟೋ ಕ್ಯಾಲೆಂಡರ್ ಬದಲಾಗಿವೆ ಈ ಮನೆಯಲ್ಲಿ!

ಹೌದು, ಗೋಡೆಯ ಸುಣ್ಣದ ಗಾರೆ ಕೀಳಿಸಿ ಸಿಮೆಂಟು ಹಾಕಿಸಿದ್ದು ನಿನ್ನ ಮಾವನೇ. ಆಗ ಎಲ್ಲರೂ ಹಾಕಿಸಿದರು! ಚಳಿಗಾಳಿ ನುಗ್ಗುತ್ತಿತ್ತು. ನೀರು ಒಳಗೇ ನಿಂತು ಮರ ತಿನ್ನುತ್ತದೆ ಅಂತ ಯಾರಿಗೆ ಗೊತ್ತಿತ್ತು... ತಿಂದಿದೆ ಅಂತಲ್ಲ. ತಿನ್ನಬಹುದು, ಮಾತಿಗೆ ಹೇಳಿದೆ. ಹಲಗೆಯೂ ಓಕ್‌ನದೇ ಕಣೇ, ಒಳ್ಳೆಯ ಹಲಗೆ... ಕಂಬ. ಕಂಬ ಅಂದೆ.

ಬೈಯಬೇಕಾದರೆ ಬೈ. ಬೇಕಾದರೆ ಇನ್ನೊಂದು ಸಲ ಕುಟ್ಟು. ಅತ್ತ ಏನು ನೋಡ್ತೀಯ? ಕಂಬ ಇಲ್ಲಿದೆ. ...ನನ್ನ ಮಂಚವಾ?

ಮಂಡಿ ನೋವು ಅಂತ ಮಹಡಿಯಿಂದ ಕೆಳಗೆ ತರಿಸಿಕೊಂಡೆ. ಎಲ್ಲರಿಗೂ ಹೇಳಿದ್ದೇನಲ್ಲ. ನಿನ್ನ ಗಂಡನೇ ಹೊತ್ತು ತಂದದ್ದು, ಗೆಥಿನ್‌ನನ್ನೇ ಕೇಳು. ಮೆಟ್ಟಿಲು ಹತ್ತಲು ಆಗುವುದಿಲ್ಲ ನನಗೆ... ಹೌದು, ಬೆಳಿಗ್ಗೆ ಹತ್ತಿದೆ. ಕುರ್ಚಿ ಒರೆಸಲು. ಆಮೇಲೆ ಇನ್ನೊಂದು ಸಲ. ಮೆತ್ತಗೆ, ಗೋಡೆ ಹಿಡಿದುಕೊಂಡು, ನೆಲದ ನಡುವೆ ಕಾಲಿಡದೆ, ಅಂಚಿನಲ್ಲೇ...

ಮೆರೆರಿಡ್?

...

ಟೆಗ್ವೆನ್‌ಗೆ ಫೋನು ನೀನೇ ಮಾಡು. ಊಟ ಅಲ್ಲೇ ಆಗಲಿ. ಹ್ಯಾಮ್ ಬೇಯಿಸಿಟ್ಟಿದ್ದೇನೆ, ತೆಗೆದುಕೊಂಡು ಹೋಗು, ಅವಳ ಕೈಯಲ್ಲಿ ಯಾವತ್ತೂ ಉಪ್ಪು ಕಡಿಮೆ. ಕಂಬದ ವಿಷಯ ಎತ್ತಬೇಡ.

ಮಂಡಿ ನೋವು ಅಂತ ಹೇಳು.