ಐಸ್ ಮೇಲಿನ ಬಾಣ

ನಗೋದಿದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಬಾಯಿ ಹಾಕಿದ್ರೆ ನಾನು ಹೇಳಲ್ಲ. ಅನಘಾ, ಆ ಬಾಗಿಲು ಎಳ್ಕೊಳೇ, ಮಕ್ಕಳು ಈಗಷ್ಟೇ ಮಲಗಿದಾವೆ.

ಇದು ನಮ್ಮ ಗಾನವಿಗೆ ಆಗಿದ್ದು. ನನ್ನ ಚಿಕ್ಕಮ್ಮನ ಮಗಳು, ಮೆಲ್ಬರ್ನ್‌ನಲ್ಲಿರೋಳು. ಹೋದ ವರ್ಷ ಜುಲೈ. ಚಳಿಗಾಲ, ಆರು ಗಂಟೆಗೇ ಕಗ್ಗತ್ತಲು. ಲ್ಯಾಬ್ ಮುಗಿಸಿ ಪಾರ್ಕ್ ದಾಟಿ ಮನೆಗೆ ನಡ್ಕೊಂಡು ಬರ್ತಿದ್ದಾಳೆ. ಅಲ್ಲೊಂದು ದೊಡ್ಡ ಫಿಗ್ ಮರ ಇದೆ, ನಮ್ಮ ಆಲದ ಜಾತಿನೇ. ಮರ ಹತ್ರ ಬಂತು... ಕಿವಿ ಹಿಂದೆ ಒಂದು ಸದ್ದು. ಚಿಟ್... ಚಿಟ್ ಚಿಟ್...

ಆ ಸದ್ದು ಅವಳಿಗೆ ಗೊತ್ತು. ಅದಕ್ಕೇ ಅಲ್ಲೇ ನಿಂತುಬಿಟ್ಲು.

ಸ್ವಲ್ಪ ಹಿಂದಿನದು ಹೇಳ್ಬೇಕು. ಅವಳ ಲ್ಯಾಬ್‌ನಲ್ಲಿ ಹಿಮನದಿಗಳ ಕೆಲಸ. ನೆಲದಲ್ಲಿ ಬೋರ್ ಕೊರೆಯೋ ಹಾಗೆ ಹಿಮ ಕೊರೆದು, ಉದ್ದುದ್ದ ಐಸ್ ತುಂಡು ತಂದು ಫ್ರೀಜರ್ ರೂಮಲ್ಲಿ ಇಟ್ಟಿರ್ತಾರೆ. ಗ್ರೀನ್‌ಲ್ಯಾಂಡಿಗೆ ಹೋಗೋ ಚಾನ್ಸಿಗೆ ಇವಳು ಎರಡು ವರ್ಷ ಕಾದಿದ್ಲು. ಹೋಗಿದ್ದು ಶೆರ್ಲಿನ್, ಪಕ್ಕದ ಟೇಬಲ್‌ನ ಮಂಗಳೂರು ಹುಡುಗಿ. ಅವಳು ವಾಪಸ್ ಬಂದು, ಮಿಕ್ಕಿದ ಐಸ್ ಚೂರನ್ನ ಒಂದು ಲೋಟ ನೀರಿಗೆ ಹಾಕಿದ್ಲು. ಒಳಗಿನ ಗುಳ್ಳೆ ಒಡೆದು ಚಿಟ್ ಚಿಟ್ ಅಂತು. "ಸಾವಿರಾರು ವರ್ಷದ ಹಿಂದಿನ ಗಾಳಿ ಇದು, ಕೇಳಿ" ಅಂದ್ಲಂತೆ. ಇಡೀ ಲ್ಯಾಬ್ ಲೋಟಕ್ಕೆ ಕಿವಿ ಕೊಟ್ಟು ನಿಂತಿತ್ತು.

"ಹೊಟ್ಟೆ ಉರಿದುಹೋಯ್ತು ಅಕ್ಕಾ. ಅದು ನಾನು ತರಬೇಕಾಗಿದ್ದ ಐಸ್." ಗಾನವಿನೇ ನನ್ನ ಹತ್ರ ಹೇಳಿದ್ದು.

ಪ್ರತಿ ತುಂಡಿನ ಮೇಲೂ ಪೆನ್ಸಿಲ್‌ನಲ್ಲಿ ಒಂದು ಬಾಣ ಹಾಕಿರ್ತಾರೆ, ಮೇಲ್ಗಡೆ ಯಾವುದು ಅಂತ. ಮೇಲಿರೋದು ಹೊಸ ಹಿಮ, ಕೆಳಗಿರೋದು ಹಳೇದು. ಬಾಣ ತಿರುಗಿದ್ರೆ ವರ್ಷಗಳೆಲ್ಲ ತಲೆಕೆಳಗು. ಆ ಮರದ ಹತ್ರ ಸದ್ದು ಕೇಳಿದ ದಿನ ಶೆರ್ಲಿನ್‌ಗೆ ಜ್ವರ, ರಜಾ ಹಾಕಿದ್ಲು. ಅವಳ ಐಸನ್ನ ಮಾರನೇ ದಿನ ಪರೀಕ್ಷೆಗೆ ಕತ್ತರಿಸೋದಿತ್ತು. ಇವಳು ಒಬ್ಬಳೇ ಫ್ರೀಜರ್ ರೂಮಿಗೆ ಹೋಗಿ, ಒಂದು ತುಂಡಿನ ಬಾಣ ಚಾಕುವಿನಲ್ಲಿ ಕೆರೆದು, ಉಲ್ಟಾ ಬರೆದ್ಲು. ಶೆರ್ಲಿನ್ ಕೆಲಸ ಹಾಳಾಗ್ಬೇಕು. ಅಷ್ಟೇ.

ಬರೆದವಳು ಸೀದಾ ಹೊರಟು ಬಂದು, ಈಗ ಮರದ ಕೆಳಗೆ ನಿಂತಿದಾಳೆ. ಚಿಟ್... ಚಿಟ್... ಸದ್ದು ನಿಂತೋಯ್ತು. ಕಿವಿಗೆ ಉಸಿರು ತಾಗ್ತು. ತಣ್ಣಗೆ.

"ಮೇಲ್ಗಡೆ ಯಾವುದು?"

ಕನ್ನಡದಲ್ಲೇ. ಪಿಸುಮಾತು. ಹೆಂಗಸೋ ಗಂಡಸೋ ಗೊತ್ತಾಗ್ಲಿಲ್ಲ ಅಂತಾಳೆ.

ಆಗಲಾದ್ರೂ ನಿಜ ಹೇಳ್ಬಾರ್ದಾ? ಇಲ್ಲ. ಆ ಲೋಟ, ಸುತ್ತ ನಿಂತವರು... ಎಲ್ಲಾ ಕಣ್ಮುಂದೆ ಬಂತಂತೆ.

"ನಾನು ಬರೆದಿದ್ದೇ ಸರಿ" ಅಂದ್ಲು. ಎಂಥಾ ಹಟ ನೋಡಿ.

"ಆಯ್ತು" ಅಂತು ಅದು.

ಕತ್ತಿನ ಹಿಂದೆ ಏನೋ ಗೀಚಿದ ಹಾಗಾಯ್ತು. ಸರ್ರ್... ಚರ್, ಚರ್. ಒಂದು ಉದ್ದ, ಎರಡು ಗಿಡ್ಡ. ಅಲ್ಲಿಂದ ಓಡಿದವಳು ಮನೆಗೆ ಬಂದೇ ನಿಂತಿದ್ದು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಸರಿ ಮಾಡೋಣ ಅಂತ ಫ್ರೀಜರ್ ರೂಮ್ ತೆಗೆದ್ರೆ... ಬಾಣ ಸರಿಯಾಗೇ ಇತ್ತು. ಚಾಕು ಕೆರೆದ ಗುರುತೂ ಇಲ್ಲ. ಶೆರ್ಲಿನ್ ಇನ್ನೂ ಜ್ವರದಲ್ಲಿ ಮಲಗಿದ್ಲು. ಅವಳಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಭ್ರಮೆ ಅಂತೀರಾ? ನಾನೂ ಹಾಗೇ ಅಂದು, ಚೆನ್ನಾಗಿ ಬೈದಿದ್ದೆ. ಡಿಸೆಂಬರ್‌ನಲ್ಲಿ ಬಂದಿದ್ಲು, ಸಿಡ್ನಿಗೆ, ಇದೇ ಗಿರಾವೀನ್ ಮನೆಗೆ. ನಲವತ್ತೊಂದು ಡಿಗ್ರಿ, ಏಸಿ ಬೇರೆ ಕೆಟ್ಟಿತ್ತು. ಇಲ್ಲೇ ಕೂರಿಸಿ ತಲೆಗೆ ಎಣ್ಣೆ ಹಚ್ಚಿದೆ. ಕೂದಲು ಎತ್ತಿದ್ರೆ... ಕತ್ತಿನ ಹಿಂದೆ ಪೆನ್ಸಿಲ್ ಬಾಣ. ಕೆಳಮುಖವಾಗಿ, ಅವಳ ಕಾಲಿನ ಕಡೆಗೆ. ಸೋಪು ಹಾಕಿ ಉಜ್ಜಿದೆ, ಹೋಗ್ಲಿಲ್ಲ.

ಯಾರೋ ಹೇಳಿದ್ದಲ್ಲ ಇದು, ಈ ಬೆರಳಲ್ಲಿ ನಾನೇ ಮುಟ್ಟಿದೀನಿ. ಆ ಸೆಕೆಯಲ್ಲಿ ಬಾಟಲಿ ಎಣ್ಣೆ ನೀರಾಗಿತ್ತು. ಆ ಬಾಣದ ಮೇಲೆ ಮಾತ್ರ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.